ಸೋಡಾ ಉಕ್ಕಿತು, ಕಲೆ ನಕ್ಕಿತು

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಇಳಿಯಿತಲ್ಲ, ಆವತ್ತು ನಮ್ಮ ಪಾರಿಶ್ವಾಡದ ಓಣಿಯಲ್ಲಿ ನಡೆದ ಚರ್ಚೆ ದಿಲ್ಲಿಯ ಚರ್ಚೆಗಿಂತ ಜೋರಾಗಿತ್ತು. ಮೈಸೋಪು, ಶಾಂಪೂ, ಟೂತ್‌ಪೇಸ್ಟಿನ ತೆರಿಗೆ ಶೇ 18ರಿಂದ 5ಕ್ಕೆ ಬಂತು. ಬಟ್ಟೆ ಒಗೆಯುವ ಪುಡಿ ಮಾತ್ರ 18ರಲ್ಲೇ ಕೂತಿತು. ಅಂದರೆ ಮೈ ತೊಳೆಯೋದು ಅಗತ್ಯ, ಮನೆಯವರ ಬನಿಯನ್ ತೊಳೆಯೋದು ಐಷಾರಾಮ!

ಹೀಗಾದಾಗ ಗೃಹಿಣಿ ಏನು ಮಾಡುತ್ತಾಳೆ? ಮೊಬೈಲ್ ತೆಗೆಯುತ್ತಾಳೆ. ಚಮಚ ಅಡುಗೆ ಸೋಡಾ, ಮುಚ್ಚಳ ವಿನೆಗರ್, ಕಲೆ ಮಾಯ! ನಾನೂ ಸಿಂಕಿಗೆ ಸುರಿದೆ. ಬುಸ್ಸೆಂದು ಉಕ್ಕಿತು. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಏನವಾ, ಹಾಲ ಉಕ್ಕಿಸಾಕ ಹತ್ತೀಯೇನ? ಹೊಸ ಮನಿ ಕಟ್ಟಿಸೀರೇನ?" ಅಂದರು. ನೊರೆ ಇಳಿದ ಮೇಲೆ ನೋಡಿದರೆ ಕಲೆ ಇದ್ದಲ್ಲೇ ಇದೆ.

ಸೋಡಾ ಕ್ಷಾರ, ವಿನೆಗರ್ ಆಮ್ಲ. ಕೂಡಿದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದು, ಉಳಿಯೋದು ಗಾಳಿ, ನೀರು, ಚೂರು ಉಪ್ಪು. ಗಂಡ-ಹೆಂಡತಿ ಜಗಳ ಇದ್ದಂಗೆ, ಸಪ್ಪಳ ಬಹಳ, ಕೆಲಸ ಸೊನ್ನೆ. ಜಿಡ್ಡಿಗೆ ಸೋಡಾ ಬೇರೆ ಹಾಕಿ, ಬೋರ್ ನೀರಿನ ಬಿಳಿ ಕಲೆಗೆ ವಿನೆಗರ್ ಇಲ್ಲವೇ ಲಿಂಬೆಹುಳಿ ಬೇರೆ ಹಾಕಿ. ಎರಡೂ ಕೆಲಸ ಮಾಡುತ್ತವೆ.

ಅತ್ತೆಯದು ಹುಣಸೆಹುಳಿ ಮತ್ತು ಒಡೆದ ಹಂಚಿನ ಪುಡಿ. ಹುಳಿಯ ಆಮ್ಲ ಹಿತ್ತಾಳೆಯ ಕಪ್ಪು ಕರಗಿಸುತ್ತದೆ, ಪುಡಿ ತಿಕ್ಕುತ್ತದೆ. ತಂಬಿಗೆ ಬಂಗಾರದಂಗೆ ಹೊಳೆಯಿತು. ಅದೇ ಉಮೇದಿನಲ್ಲಿ ನನ್ನ ನಾನ್‌ಸ್ಟಿಕ್ ತವೆಯನ್ನೂ ತಿಕ್ಕಿ, "ಎಷ್ಟ ಕರಿ ಹಿಡಿದಿತ್ತವಾ ಇದಕ, ಎಲ್ಲಾ ತಗದೇನಿ" ಎಂದು ಕೈಗಿಟ್ಟರು. ಈಗ ದೋಸೆ ಏಳೋದಿಲ್ಲ.

ಇಲ್ಲಿಯತನಕ ನಗು. ದೀಪಾವಳಿ ಮುಂದೆ ಪಕ್ಕದ ಮನೆಯ ವೈನಿ ಬಚ್ಚಲಿನ ಬಾಗಿಲು ಹಾಕಿಕೊಂಡು, ಶೌಚಾಲಯದ ಆಸಿಡ್ ಮೇಲೆ ಬ್ಲೀಚಿಂಗ್ ಪುಡಿ ಸುರಿದರು. ಎರಡೂ ಜೋರಿನವು, ಕೂಡಿದರೆ ಇನ್ನೂ ಜೋರು ಎಂಬ ಲೆಕ್ಕ. ಕೆಮ್ಮುತ್ತ, ಕಣ್ಣೀರು ಸುರಿಸುತ್ತ ಹೊರಬಂದವರನ್ನು ಕಟ್ಟೆಯ ಮೇಲೆ ಕೂಡಿಸಿ, ಆಮೇಲೆ ಡಾಕ್ಟರ ಕಡೆ ಕರೆದೊಯ್ದೆವು. ಎದ್ದಿದ್ದು ಕ್ಲೋರಿನ್ ಅನಿಲ. 1915ರಲ್ಲಿ ಬೆಲ್ಜಿಯಂನ ಈಪ್ರ್ ಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದೂ ಇದನ್ನೇ. ಆಸಿಡ್ ಮತ್ತು ಬ್ಲೀಚಿಂಗ್ ಎಂದೂ ಕೂಡಿಸಬೇಡಿ. ಘಾಟು ಬಂದರೆ ತೊಳೆಯಲು ನಿಲ್ಲದೆ ಮೊದಲು ಹೊರಗೆ ಬನ್ನಿ, ಕಣ್ಣಿಗೆ ನೀರು ಹಾಕಿ, ಉಸಿರು ಸಿಕ್ಕಿಕೊಂಡರೆ ಆಸ್ಪತ್ರೆಗೆ ಹೋಗಿ.

ವೈನಿಯನ್ನು ದಡ್ಡರು ಎನ್ನಲು ನನಗೆ ಮನಸ್ಸಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸಿಗೆ ದಿನಕ್ಕೆ 289 ನಿಮಿಷ ಹೋಗುತ್ತದೆ. ಮಾಡುವ ಗಂಡಸಿಗೆ (ಹೌದು, ಇದ್ದಾರೆ) 88 ನಿಮಿಷ. ಸುಮಾರು ಐದು ತಾಸು ತಿಕ್ಕಿ ತೊಳೆದು ಬೇಯಿಸುವವಳಿಗೆ ‘ಎರಡೇ ನಿಮಿಷ’ ಎಂದು ಯಾರಾದರೂ ಹೇಳಿದರೆ ನಂಬದೆ ಇರುತ್ತಾಳೆಯೇ? ಘಾಟು ಬಂದಷ್ಟೂ ಸ್ವಚ್ಛ ಎಂಬ ನಂಬಿಕೆ ಬೇರೆ. ಡಬ್ಬಿಯ ಎಚ್ಚರಿಕೆಯೋ, ಇರುವೆ ಗಾತ್ರದ ಇಂಗ್ಲಿಷಿನಲ್ಲಿ.

ಮುಂದಿನ ವಾರ ವೈನಿಯ ಯಜಮಾನರೇ ಬ್ರಷ್ಷು, ಸೋಪಿನ ನೀರು ಹಿಡಿದು ಬಚ್ಚಲಿಗಿಳಿದರು. ಹತ್ತು ನಿಮಿಷಕ್ಕೇ ಸೊಂಟ ಹಿಡಿದುಕೊಂಡು ಹೊರಗೆ ಬಂದು ಕೇಳಿದರು: "ಇದಕ ಏನಾರ ಟ್ರಿಕ್ ಇಲ್ಲೇನ?"