ಗಲ್ಲಾದ ಮೇಲಿನ ತಾಮ್ರದ ಬಿಲ್ಲೆ

ಚಿಲ್ಲರೆಯ ಅಭಾವವೆಂದರೇನೆಂಬುದನ್ನು ಹೋಟೆಲಿನ ಗಲ್ಲಾದಲ್ಲಿ ಕುಳಿತವರಿಗೆ ನಾವು ವಿವರಿಸಬೇಕಾದುದಿಲ್ಲ. ನಾಣ್ಯದ ಬದಲು ಪೆಪ್ಪರಮಿಂಟು ಕೊಟ್ಟು, ಗಿರಾಕಿಯ ಮುಖ ನೋಡಲಾರದೆ ಕುಳಿತವರು ನಮ್ಮಲ್ಲಿ ಅನೇಕರಿದ್ದಾರೆ.

ಅಮೆರಿಕೆಯ ಅಂತರ್ಯುದ್ಧದ ಕಾಲದಲ್ಲಿ, 1862ರಲ್ಲಿ, ಈ ಸಂಕಟವು ವಿಪರೀತಕ್ಕೇರಿತು. ಜನರು ಭೀತಿಯಿಂದ ಮೊದಲು ಚಿನ್ನವನ್ನೂ, ಬಳಿಕ ಬೆಳ್ಳಿಯನ್ನೂ, ಕಡೆಗೆ ಒಂದು ಸೆಂಟಿನ ಬಿಡಿಕಾಸನ್ನೂ ಬಚ್ಚಿಟ್ಟರು. ಅಂಚೆಚೀಟಿಗಳೇ ಚಿಲ್ಲರೆಯಾಗಿ ಕೈಯಿಂದ ಕೈಗೆ ಹೋಗಿ ಅಂಟುಮುದ್ದೆಯಾದವು. ಆಗ ನ್ಯೂಯಾರ್ಕ್, ಸಿನ್ಸಿನಾಟಿ ಮೊದಲಾದ ಉತ್ತರದ ನಗರಗಳ ವರ್ತಕರು ತಮ್ಮ ಹೆಸರನ್ನೊತ್ತಿದ ತಾಮ್ರದ ಬಿಲ್ಲೆಗಳನ್ನು ತಾವೇ ಮಾಡಿಸಿ, ಸೆಂಟಿಗೆ ಬದಲಾಗಿ ಕೊಡತೊಡಗಿದರು. ಕೆಲವದರ ಮೇಲೆ 'ಒಂದು ಸೆಂಟು' ಎಂದು ದಪ್ಪಕ್ಷರ. ಜತೆಯಲ್ಲಿ 'ಅಲ್ಲ' ಎಂದು ಕಿರಿಯಕ್ಷರ! ಖೋಟಾನಾಣ್ಯದ ಅಪವಾದದಿಂದ ಪಾರಾಗಲು ಹೂಡಿದ ಉಪಾಯವಿದು.

ಇಂತಹ ಬಿಲ್ಲೆಯ ಬೆಲೆಯು ಲೋಹದಲ್ಲಿರಲಿಲ್ಲ. ಹೆಸರು ಕೊಟ್ಟವನು ಅದನ್ನು ಮರಳಿ ಪಡೆದು ಹಣವನ್ನು ಕೊಟ್ಟಾನೆಂಬ ನಂಬಿಕೆಯಲ್ಲಿತ್ತು. ನ್ಯೂಯಾರ್ಕಿನ ಪಾನಗೃಹದ ಮಾಲಿಕ ಗುಸ್ಟಾವಸ್ ಲಿಂಡೆನ್‌ಮ್ಯುಲರನ ಬಿಲ್ಲೆಗಳು ಹೇರಳವಾಗಿ ಚಲಾವಣೆಯಲ್ಲಿದ್ದವು. ಅಲ್ಲಿಯ ಟ್ರಾಮ್ ಕಂಪೆನಿಯೊಂದು ಪ್ರಯಾಣದ ದರವಾಗಿ ಬಂದ ಬಿಲ್ಲೆಗಳ ರಾಶಿಯನ್ನೇ ಅವನ ಮುಂದಿರಿಸಿ ಹಣ ಕೇಳಲು, ಆತನು ನಕ್ಕು ನಿರಾಕರಿಸಿದನೆಂದೂ ಕಂಪೆನಿಗೆ ಕಾನೂನಿನ ಆಸರೆಯೇ ಇರಲಿಲ್ಲವೆಂದೂ ಹೇಳುತ್ತಾರೆ. 1864ರಲ್ಲಿ ಸರಕಾರವು ಖಾಸಗಿ ಬಿಲ್ಲೆಗಳನ್ನು ನಿಷೇಧಿಸಿತು. ಅದೇ ವರುಷ ಸರಕಾರದ ಸೆಂಟು ಸಹ ದಪ್ಪ ನಿಕಲ್ ಮಿಶ್ರಣವನ್ನು ಬಿಟ್ಟು, ಆ ಬಿಲ್ಲೆಗಳಂತೆಯೇ ತೆಳುವಾದ ಕಂಚಿನದಾಯಿತೆಂಬುದು ಮೋಜಿನ ಸಂಗತಿ.

ಕಂಪೆನಿಯಾದರೋ ನಷ್ಟವನ್ನು ತಾಳಿಕೊಂಡೀತು. ಆ ಬೆಳಗ್ಗೆ ಜೇಬಿನಲ್ಲಿ ಹತ್ತು ಬಿಲ್ಲೆಗಳಷ್ಟೇ ಉಳಿದಿದ್ದ ಕೂಲಿಯವನು ಯಾರ ಬಾಗಿಲಿಗೆ ಹೋಗಬೇಕಿತ್ತು?

ಆದುದರಿಂದಲೇ ಸಂಗ್ರಾಹಕ ಮಿತ್ರರೊಡನೆ ನಮ್ಮದೊಂದು ತಕರಾರಿದೆ. ಅವರು ಹೊಳಪು ಮಾಸದ ಬಿಲ್ಲೆಗೆ ಹೆಚ್ಚು ಹಣ ತೆರುತ್ತಾರೆ. ಸಂಗ್ರಾಹಕರಿಗೆಂದೇ ಬೆಳ್ಳಿಯಲ್ಲಿ ಒತ್ತಿಸಿದ ಬಿಲ್ಲೆಗಳೂ ಆ ಕಾಲದಲ್ಲಿಯೇ ಹುಟ್ಟಿಕೊಂಡವು. ಇವು ಒಂದು ತುಂಡು ರೊಟ್ಟಿಯನ್ನಾದರೂ ಕೊಂಡವುಗಳಲ್ಲ. ಅಕ್ಷರ ಸವೆದು, ಅಂಚು ನುಣುಪಾಗಿ, ನೂರು ಕೈಗಳ ಬೆವರನ್ನು ಕಂಡುದೇ ನಮಗೆ ಮೇಲು.

ನಮ್ಮ ದೇಶದಲ್ಲಿಯೂ ಗಿರಣಿ, ಕಾರ್ಖಾನೆಗಳ ಕ್ಯಾಂಟೀನುಗಳು ಚಹಾಕ್ಕೂ ಊಟಕ್ಕೂ ಲೋಹದ ಬಿಲ್ಲೆ ಕೊಡುತ್ತಿದ್ದುದುಂಟು. ಅವು ಅಭಾವದ ಕೂಸುಗಳಲ್ಲ, ನಿಜ. ಆದರೂ ಕೊಟ್ಟವನ ಮಾತಿನ ಮೇಲೆಯೇ ನಡೆದಂಥವು. ಹಳೆಯ ಟ್ರಂಕಿನ ತಳದಲ್ಲಿ ಅಂತಹದೊಂದು ಸಿಕ್ಕಿದವರು ಅದನ್ನು ಗುಜರಿಯ ತಕ್ಕಡಿಗೆ ಹಾಕದಿರಲಿ. ಯಾವ ಊರಿನದು, ಯಾರು ಕೊಟ್ಟದ್ದು, ಅದಕ್ಕೆ ಒಂದು ಲೋಟ ಚಹಾ ಸಿಗುತ್ತಿತ್ತೋ ಅರ್ಧವೋ ಎಂಬುದನ್ನು ಚೀಟಿಯಲ್ಲಿ ಬರೆದು ಅದರ ಜತೆಗಿಡಲಿ.