ಜೀಜಾಯಿಯ ಚಪ್ಪಲಿ, ನಮ್ಮ ಬಾಬಾಸಾಹೇಬ



ಮೊನ್ನೆ ರಾತ್ರಿ ಹಾಸ್ಟೆಲ್ಲಿನ ರೂಮಿನಲ್ಲಿ ಹತ್ತು ಹನ್ನೆರಡು ಜನ ಒಂದೇ ಲ್ಯಾಪ್‌ಟಾಪಿನ ಮುಂದೆ ಕೂತು ಹಳೇ ಮರಾಠಿ ಸಿನಿಮಾ ನೋಡಿದೆವು. ಪ್ರಭಾತ್ ಕಂಪನಿಯ ದಾಮ್ಲೆ, ಫತ್ತೇಲಾಲ್ 1936ರಲ್ಲಿ ತೆಗೆದ ‘ಸಂತ ತುಕಾರಾಮ್’. ಭಕ್ತಿ ಸಿನಿಮಾ ಅಂದರೆ ನಮಗೆ ಆಕಳಿಕೆ. ಆದರೆ ತುಕಾರಾಮನ ಹೆಂಡತಿ ಜೀಜಾಯಿ ಬಂದಳು ನೋಡಿ, ಎಲ್ಲರೂ ಎದ್ದು ಕೂತೆವು.

ಗಂಡ ಪಾಂಡುರಂಗನ ಧ್ಯಾನದಲ್ಲಿ. ಮನೆಯಲ್ಲಿ ಬಡತನ. ಮಗುವಿಗೆ ಕಾಯಿಲೆ. ಆಕೆ ಗುಡಿಗೆ ನುಗ್ಗಿ ದೇವರಿಗೇ ಹೊಡೆಯೋಕೆ ಚಪ್ಪಲಿ ಎತ್ತುತ್ತಾಳೆ! ಸಂತ ದೊಡ್ಡವನೇ, ಆದರೆ ಹೆಂಡತಿ ಮಕ್ಕಳ ಹೊಟ್ಟೆ ಮರೆತ ಗಂಡನೂ ಹೌದು ಅಂತ ಆ ಸಿನಿಮಾ ಮುಚ್ಚುಮರೆಯಿಲ್ಲದೆ ತೋರಿಸುತ್ತೆ. ಅದರಿಂದ ತುಕಾರಾಮ ಸಣ್ಣವನಾಗಲಿಲ್ಲ. ನಮ್ಮ ಪಕ್ಕದ ಮನೆಯವನಾದ. ಕೊನೆಗೆ ಗರುಡ ಬಂದು ಅವನನ್ನು ವೈಕುಂಠಕ್ಕೆ ಹೊತ್ತೊಯ್ದಾಗಲೂ ನಮ್ಮ ಕಣ್ಣು ಕೆಳಗೆ ಉಳಿದ ಜೀಜಾಯಿಯ ಮೇಲೇ ಇತ್ತು.

ಮುಗಿದ ಮೇಲೆ ಒಬ್ಬ ಕೇಳಿದ: “ಬಾಬಾಸಾಹೇಬರನ್ನ ಹಿಂಗೇ ತೋರಿಸಿದ್ರೆ?”

ರೂಮು ತಣ್ಣಗಾಯಿತು. “ಸುಮ್ನೆ ಬಿಡ್ತೀವಾ?” ಅಂದ ಇನ್ನೊಬ್ಬ.

‘ಸಂಸ್ಕಾರ’ ಸಿನಿಮಾದಲ್ಲಿ ಪ್ರಾಣೇಶಾಚಾರ್ಯ ಚಂದ್ರಿಯ ತೆಕ್ಕೆಗೆ ಬಿದ್ದ. ಸೆನ್ಸಾರಿನವರು ಮೊದಲು ತಡೆದರು, 1970ರಲ್ಲಿ ಬಿಟ್ಟರು. ಆಚಾರ್ಯನೂ ಮನುಷ್ಯ ಅಂದರೆ ಇವರಿಗ್ಯಾಕೆ ಭಯ ಅಂತ ನಾವು ಈಗಲೂ ನಗುತ್ತೇವೆ. ಅದೇ ಭಯ ನಮ್ಮ ರೂಮಿಗೂ ಬಂದು ಕೂತಿದೆಯಲ್ಲ!

ನಮ್ಮ ಭಯಕ್ಕೆ ಕಾರಣ ಇದೆ, ನಿಜ. ಬಾಬಾಸಾಹೇಬರ ಪ್ರತಿಮೆಗೆ ಚಪ್ಪಲಿ ಹಾರ ಹಾಕುವ ದೇಶ ಇದು. ಆದರೆ ಆ ಚಪ್ಪಲಿಯೇ ಬೇರೆ, ಜೀಜಾಯಿಯ ಚಪ್ಪಲಿಯೇ ಬೇರೆ. ಒಂದು ಮನುಷ್ಯನನ್ನ ಮನುಷ್ಯನಲ್ಲ ಅನ್ನುತ್ತೆ. ಇನ್ನೊಂದು, ನೀನೂ ಮನುಷ್ಯ, ಉತ್ತರ ಕೊಡು ಅನ್ನುತ್ತೆ.

ನಮ್ಮಲ್ಲೂ ಒಬ್ಬ ಜೀಜಾಯಿ ಇದ್ದಳು. ಗಂಡ ಲಂಡನ್ನಿನಲ್ಲಿ ಓದುವಾಗ ರಮಾಬಾಯಿ ಮುಂಬಯಿಯಲ್ಲಿ ಕಡುಬಡತನದ ಸಂಸಾರ ಎಳೆದರು. ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬನೇ. ತುಕಾರಾಮನ ಪಾಂಡುರಂಗನನ್ನು ಪಂಢರಪುರದಲ್ಲಿ ನೋಡಬೇಕೆಂಬುದು ಆಕೆಯ ಆಸೆ. ಅಲ್ಲಿ ಗುಡಿ ಬಾಗಿಲು ನಮಗೆ ಮುಚ್ಚಿತ್ತು. ಬಾಬಾಸಾಹೇಬರು ಬೇಡ ಅಂದರು. ಆಕೆ 1935ರಲ್ಲಿ ತೀರಿಕೊಂಡರು. ಬಾಗಿಲು ತೆರೆದದ್ದು 1947ರಲ್ಲಿ, ಸಾನೆ ಗುರೂಜಿ ಉಪವಾಸ ಕೂತ ಮೇಲೆ.

ಬಾಬಾಸಾಹೇಬರು ಇದನ್ನೆಲ್ಲ ಮುಚ್ಚಿಟ್ಟರಾ? ಇಲ್ಲ. ಪಾಕಿಸ್ತಾನ ಕುರಿತ ತಮ್ಮ ಪುಸ್ತಕವನ್ನು ರಾಮುವಿನ ನೆನಪಿಗೆ ಅರ್ಪಿಸಿ, ತಮ್ಮೊಂದಿಗೆ ಆಕೆ ಪಟ್ಟ ಕಷ್ಟವನ್ನು ತಾವೇ ಬರೆದರು. ರಾಜಕಾರಣದಲ್ಲಿ ಭಕ್ತಿ ಅಧಃಪತನದ ದಾರಿ, ಅದು ಸರ್ವಾಧಿಕಾರಕ್ಕೆ ಒಯ್ಯುತ್ತೆ ಅಂತ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲೇ ಎಚ್ಚರಿಸಿದರು. ಅವರನ್ನೇ ನಾವು ಗರ್ಭಗುಡಿಗೆ ತಳ್ಳಿ, ಬಾಗಿಲಲ್ಲಿ ಕಾವಲು ನಿಂತರೆ ಹೆಂಗೆ?

ಪರೀಕ್ಷೆಯಲ್ಲಿ ಫೇಲಾಗಿ ಊರಿಗೆ ಮುಖ ತೋರಿಸಲಾಗದ ಹುಡುಗನಿಗೆ ದೇವರು ಬೇಡ. ದಣಿದು, ಅತ್ತು, ತಪ್ಪಿ, ಮತ್ತೆ ಎದ್ದು ಓದಲು ಕೂತ ಒಬ್ಬ ಮನುಷ್ಯ ಬೇಕು.

ಅಂಥ ಸಿನಿಮಾ ನಾವೇ ಬರೆಯೋಣ, ಗೆಳೆಯರೇ. ರಮಾಬಾಯಿಯ ಆರಿದ ಒಲೆಯಿಂದ ಶುರು ಮಾಡೋಣ.

ಜೈ ಭೀಮ್.