ತಾಯಂದಿರ ಸಾವು ಬರೀ ವಿಧಿಯೇ?

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಅಸುನೀಗಿದ ಬಳಿಕ ಸರಕಾರವು ರಾಜ್ಯದ ತಾಯಂದಿರ ಸಾವುಗಳನ್ನು ಪರಿಶೀಲನೆಗೊಳಪಡಿಸಿತು. ಆ ವರ್ಷದ ಎಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ಸಾವುಗಳ ಪೈಕಿ ಶೇ. 70ಕ್ಕೂ ಹೆಚ್ಚಿನವನ್ನು ತಡೆಯಬಹುದಿತ್ತೆಂದು ವರದಿ ಹೇಳಿತು. ಇನ್ನು ವಿಧಿಲಿಖಿತವೆಂದು ಕೈತೊಳೆದುಕೊಳ್ಳಲು ಯಾರಿಗೆ ಹಕ್ಕಿದೆ?

ಹೆರಿಗೆಯಾದ 42 ದಿನಗಳೊಳಗೆ ಅದರ ತೊಡಕಿನಿಂದ ಸಂಭವಿಸುವ ಸಾವೂ ತಾಯಿಯ ಮರಣವೇ. ಆದರೆ ಬೆಂಗಳೂರಿನ ವಿಜಯನಗರದ ಬಾಡಿಗೆ ಮನೆಯಿಂದ ತವರಿಗೆ ಹೋದವಳು ಬಾಣಂತನದಲ್ಲಿ 'ಜ್ವರದಿಂದ' ತೀರಿಕೊಂಡರೆ ಅದು ಯಾವ ಊರಿನ ಲೆಕ್ಕಕ್ಕೆ ಸೇರುತ್ತದೆ? ಲೆಕ್ಕಕ್ಕೆ ಸಿಗದ ಸಾವಿನ ಕಾರಣವನ್ನು ಹುಡುಕುವವರಾರು?

ಪ್ರತಿ ಸಾವಿನ ಪರಿಶೀಲನಾ ವರದಿಯೂ ಕುಟುಂಬದ ಕೈಸೇರಬೇಕೆಂದು ನಾವು ಆಗ್ರಹಿಸುತ್ತೇವೆ. ನಾವೂ ದಫನದೊಂದಿಗೆ ಎಲ್ಲವೂ ಮುಗಿಯಿತೆಂದು ಕೂರದೆ, ನಡೆದುದನ್ನು ನಡೆದಂತೆ ಆಶಾ ಕಾರ್ಯಕರ್ತೆಗೆ ತಿಳಿಸೋಣ. ಇದು ಇನ್ನೊಬ್ಬ ತಾಯಿಯ ಪ್ರಾಣದ ಪ್ರಶ್ನೆ.